ಓದುಗರ ಪ್ರಶ್ನೆ, ನಮ್ಮ ಉತ್ತರ: ಅಣುಶಕ್ತಿಯ ಬಗ್ಗೆ ಧರ್ಮಪೀಠಗಳ ಮಾತು

ಧರ್ಮಗುರುಗಳು ಅಣ್ವಸ್ತ್ರ ಮತ್ತು ಅಣುವಿದ್ಯುತ್ತಿನ ಬಗ್ಗೆ ಸಾರ್ವಜನಿಕವಾಗಿ ನಿಲುವು ತಳೆಯುವುದನ್ನು ಕುರಿತು ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ಧಾಟಿಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಕೊಡಲಾಗಿದೆ.

ಪ್ರಶ್ನೆ: ವ್ಯಾಟಿಕನ್ನಿಗೆ ಅಣ್ವಸ್ತ್ರವೂ ಇಲ್ಲ, ಅಣುಸ್ಥಾವರವೂ ಇಲ್ಲ. ಆದರೂ ಅದು ಅಣ್ವಸ್ತ್ರ ಒಪ್ಪಂದಗಳಿಗೆ ಸಹಿ ಹಾಕುತ್ತದೆ ಎಂದು ಓದಿದೆ. ಒಬ್ಬ ಧರ್ಮಗುರುವಿಗೆ ಇಂಥ ಅಧಿಕಾರ ಎಲ್ಲಿಂದ ಬಂತು? ಆ ಸಹಿಗೆ ಬೆಲೆ ಇದೆಯೇ?

ಉತ್ತರ: ಇಲ್ಲಿ ಎರಡು ಹೆಸರುಗಳು ಬೆರೆತುಹೋಗುತ್ತವೆ. ವ್ಯಾಟಿಕನ್ ಸಿಟಿ ಎಂಬುದು ರೋಮ್ ನಗರದೊಳಗಿರುವ, ಅರ್ಧ ಚದರ ಕಿಲೋಮೀಟರಿಗೂ ಕಡಿಮೆ ವಿಸ್ತಾರದ ಒಂದು ಪ್ರದೇಶ. ಈ ಒಪ್ಪಂದಗಳಿಗೆ ಸಹಿ ಹಾಕುವುದು ‘ಹೋಲಿ ಸೀ’, ಅಂದರೆ ಪೋಪ್ ಅವರ ಪೀಠ. 1870ರಿಂದ 1929ರವರೆಗೆ ಪೋಪ್ ಅವರ ಕೈಯಲ್ಲಿ ಸ್ವಂತದ್ದೆನ್ನುವ ನೆಲವೇ ಇರಲಿಲ್ಲ. ಆಗಲೂ ಈ ಪೀಠ ದೇಶಗಳಿಗೆ ರಾಯಭಾರಿಗಳನ್ನು ಕಳಿಸುತ್ತಿತ್ತು, ದೇಶಗಳ ರಾಯಭಾರಿಗಳನ್ನು ಬರಮಾಡಿಕೊಳ್ಳುತ್ತಿತ್ತು. ಹಾಗಾಗಿ ಅಂತರರಾಷ್ಟ್ರೀಯ ಕಾನೂನಿನಲ್ಲಿ ಅದಕ್ಕಿರುವ ಸ್ಥಾನ ನೆಲದಿಂದ ಬಂದದ್ದಲ್ಲ, ಪೀಠದಿಂದಲೇ ಬಂದದ್ದು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 1957ರಲ್ಲಿ ಹುಟ್ಟಿದಾಗಲೇ ಹೋಲಿ ಸೀ ಅದರ ಸದಸ್ಯನಾಯಿತು. 1964ರಿಂದ ವಿಶ್ವಸಂಸ್ಥೆಯಲ್ಲಿ ಕಾಯಂ ವೀಕ್ಷಕನಾಗಿದೆ. 1971ರಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದವನ್ನು ಸೇರಿತು. 2017ರ ಸೆಪ್ಟೆಂಬರ್ 20ರಂದು ಅಣ್ವಸ್ತ್ರ ನಿಷೇಧ ಒಪ್ಪಂದವನ್ನು ಸಹಿಗೆ ತೆರೆದಿಟ್ಟಾಗ, ಅದೇ ದಿನ ಸಹಿಯನ್ನೂ ಹಾಕಿ ಅನುಮೋದನೆಯನ್ನೂ ಒಪ್ಪಿಸಿದ ಮೂರೇ ಪಕ್ಷಗಳಲ್ಲಿ ಅದೂ ಒಂದು. ಉಳಿದೆರಡು ಥಾಯ್ಲೆಂಡ್ ಮತ್ತು ಗಯಾನಾ.

ಬೆಲೆಯ ಮಾತಿಗೆ ಬಂದರೆ, ಬಲದ ಲೆಕ್ಕದಲ್ಲಿ ಆ ಸಹಿಗೆ ತೂಕವಿಲ್ಲ. ಅಣ್ವಸ್ತ್ರವುಳ್ಳ ಒಂದು ದೇಶವೂ 2017ರ ಆ ಒಪ್ಪಂದಕ್ಕೆ ಸೇರಿಲ್ಲ. ಆದರೆ ಕಳೆದುಕೊಳ್ಳುವ ಸ್ವತ್ತಾಗಲಿ ಗಳಿಸುವ ಲಾಭವಾಗಲಿ ಇಲ್ಲದವರ ಮಾತಿಗೆ ಬಿಕ್ಕಟ್ಟಿನ ಹೊತ್ತಿನಲ್ಲಿ ಬೇರೆಯದೇ ಉಪಯೋಗವಿದೆ. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ಕಾರಣಕ್ಕೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದಿದ್ದವು. ಅಕ್ಟೋಬರ್ 25ರಂದು ಪೋಪ್ 23ನೇ ಜಾನ್ ಅವರು ವ್ಯಾಟಿಕನ್ ರೇಡಿಯೊದಲ್ಲಿ ಎರಡೂ ಕಡೆಯವರ ಹೆಸರೆತ್ತದೆ, ಯಾರನ್ನೂ ದೂರದೆ, ಮಾತುಕತೆಗೆ ಬನ್ನಿ ಎಂದು ಕೇಳಿಕೊಂಡರು. ದೇವರನ್ನೇ ಒಪ್ಪದ ಪಕ್ಷದ ಮುಖವಾಣಿಯಾಗಿದ್ದ ಮಾಸ್ಕೋದ ‘ಪ್ರಾವ್ದಾ’ ಪತ್ರಿಕೆ ಆ ಮನವಿಯನ್ನು ಪ್ರಕಟಿಸಿತು. ಬಿಕ್ಕಟ್ಟು ಬಗೆಹರಿದದ್ದು ಆ ಭಾಷಣದಿಂದ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಬೇರೆ ಕೊಡುಕೊಳುಗಳಿದ್ದವು. ಆದರೆ ಹಿಂದೆ ಸರಿಯುವವನು ಎದುರಾಳಿಗೆ ಮಣಿದಂತೆ ಕಾಣದೆ, ಶಾಂತಿಯ ಕರೆಗೆ ಓಗೊಟ್ಟಂತೆ ಕಾಣುವ ಅವಕಾಶ ಆ ಮಾತಿನಿಂದ ಒದಗಿತು. ಧರ್ಮಪೀಠದ ರಾಜತಾಂತ್ರಿಕತೆ ನಿಜಕ್ಕೂ ಕೊಡಬಲ್ಲದ್ದು ಇಂಥ ಅವಕಾಶವನ್ನು. ಮರುವರ್ಷ ಏಪ್ರಿಲ್ 11ರಂದು ಅದೇ ಪೋಪ್ ಹೊರಡಿಸಿದ ‘ಪಾಚೆಮ್ ಇನ್ ಟೆರಿಸ್’ ಎಂಬ ಲೇಖನಪತ್ರ ಅಣ್ವಸ್ತ್ರಗಳ ನಿಷೇಧವನ್ನು ನೇರವಾಗಿ ಕೇಳಿತು, ಮತ್ತು ಅದು ಕ್ಯಾಥೊಲಿಕರನ್ನಷ್ಟೇ ಅಲ್ಲದೆ ಸದಾಶಯವುಳ್ಳ ಎಲ್ಲರನ್ನೂ ಉದ್ದೇಶಿಸಿತ್ತು.

ಪ್ರಶ್ನೆ: ಬಾಂಬನ್ನು ಖಂಡಿಸುವ ವ್ಯಾಟಿಕನ್ ಅಣುವಿದ್ಯುತ್ ಸ್ಥಾವರಗಳ ವಿಷಯದಲ್ಲಿ ಸ್ಪಷ್ಟವಾಗಿ ಮಾತನಾಡುವುದಿಲ್ಲ. ಅದೇ ಕ್ಯಾಥೊಲಿಕ್ ಧರ್ಮಸಭೆಯ ಜಪಾನಿನ ಬಿಷಪ್ಪರು ಸ್ಥಾವರಗಳನ್ನೆಲ್ಲ ಮುಚ್ಚಿ ಎನ್ನುತ್ತಾರೆ. ಇದು ಎರಡು ನಾಲಿಗೆಯ ಮಾತಲ್ಲವೇ?

ಉತ್ತರ: ಈ ಪ್ರಶ್ನೆಯನ್ನು ಹಲವರು ಕೇಳಿದ್ದೀರಿ. ವಿಷಯದ ಗಂಟು ಇರುವುದೂ ಇಲ್ಲಿಯೇ ಆದ್ದರಿಂದ ತುಸು ವಿವರವಾಗಿ ಉತ್ತರಿಸುತ್ತೇನೆ.

ಮೊದಲು ಬಾಂಬಿನ ಬಗ್ಗೆಯೇ ಮಾತು ಹೇಗೆ ಬದಲಾಯಿತು ಎಂಬುದನ್ನು ನೋಡಬೇಕು. 1981ರ ಫೆಬ್ರುವರಿಯಲ್ಲಿ ಹಿರೋಶಿಮಾದಲ್ಲಿ ನಿಂತು ಅಣುಯುದ್ಧವನ್ನು ತೀವ್ರವಾಗಿ ಖಂಡಿಸಿದ ಪೋಪ್ ಎರಡನೇ ಜಾನ್ ಪಾಲ್ ಅವರೇ, 1982ರ ಜೂನಿನಲ್ಲಿ ವಿಶ್ವಸಂಸ್ಥೆಯ ನಿಶ್ಶಸ್ತ್ರೀಕರಣದ ವಿಶೇಷ ಅಧಿವೇಶನಕ್ಕೆ ಕಳಿಸಿದ ಸಂದೇಶದಲ್ಲಿ, ಪರಸ್ಪರ ಹೆದರಿಕೆಯ ಸಮತೋಲನಕ್ಕಾಗಿ ಅಣ್ವಸ್ತ್ರ ಇಟ್ಟುಕೊಳ್ಳುವುದನ್ನು ಸದ್ಯಕ್ಕೆ ನೈತಿಕವಾಗಿ ಸಹಿಸಬಹುದು ಎಂದಿದ್ದರು. ಆದರೆ ಅದು ಗುರಿಯಾಗಬಾರದು, ಹಂತಹಂತವಾಗಿ ಅಸ್ತ್ರಗಳನ್ನು ಕಳಚುವ ದಾರಿಯಲ್ಲಿ ಒಂದು ತಂಗುದಾಣ ಮಾತ್ರ ಆಗಿರಬೇಕು ಎಂಬ ಷರತ್ತನ್ನೂ ಹಾಕಿದ್ದರು. ಮೂವತ್ತೈದು ವರ್ಷ ಕಳೆದರೂ ತಂಗುದಾಣವೇ ಮನೆಯಾಗಿ ಉಳಿಯಿತು. 2017ರ ನವೆಂಬರ್ 10ರಂದು ಪೋಪ್ ಫ್ರಾನ್ಸಿಸ್ ಅವರು, ಅಣ್ವಸ್ತ್ರವನ್ನು ಬಳಸುತ್ತೇನೆಂಬ ಬೆದರಿಕೆಯಷ್ಟೇ ಅಲ್ಲ, ಅದನ್ನು ಇಟ್ಟುಕೊಳ್ಳುವುದೇ ಖಂಡನೀಯ ಎಂದು ಘೋಷಿಸಿದರು. ಹಾಕಿದ ಷರತ್ತು ಈಡೇರದಿದ್ದಾಗ ಕೊಟ್ಟ ವಿನಾಯಿತಿಯನ್ನು ಹಿಂತೆಗೆದುಕೊಂಡ ಈ ನಡೆ ನನಗೆ ಪ್ರಾಮಾಣಿಕವಾಗಿ ಕಾಣುತ್ತದೆ.

ಇನ್ನು ವಿದ್ಯುತ್ತು. ಹೋಲಿ ಸೀ ಸಹಿ ಹಾಕಿರುವ ಒಪ್ಪಂದಗಳ ಒಳಗೇ ಒಂದು ಕಟ್ಟುಪಾಡು ಇದೆ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ನಾಲ್ಕನೇ ವಿಧಿ, ಶಾಂತಿಯುತ ಉದ್ದೇಶಕ್ಕೆ ಅಣುಶಕ್ತಿಯನ್ನು ಬಳಸುವುದು ಸದಸ್ಯ ದೇಶಗಳ ಕಸಿಯಲಾಗದ ಹಕ್ಕು ಎನ್ನುತ್ತದೆ. ಅಸ್ತ್ರ ಬೇಡವೆಂದು ಕೈಬಿಟ್ಟ ದೇಶಗಳಿಗೆ ಪ್ರತಿಯಾಗಿ ಸಿಕ್ಕ ಭರವಸೆ ಅದು. 2017ರ ನಿಷೇಧ ಒಪ್ಪಂದದ ಪೀಠಿಕೆಯೂ ಅದೇ ಹಕ್ಕನ್ನು ಮತ್ತೆ ಎತ್ತಿ ಹೇಳುತ್ತದೆ. ಹೀಗಿರುವಾಗ ವಿಯೆನ್ನಾದಲ್ಲಿ ಪರಮಾಣು ಶಕ್ತಿ ಸಂಸ್ಥೆಯ ಸಭೆಯಲ್ಲಿ ಕುಳಿತ ಹೋಲಿ ಸೀ ಪ್ರತಿನಿಧಿ ಎದ್ದು ನಿಂತು ಅಣುವಿದ್ಯುತ್ತೇ ತಪ್ಪು ಎಂದರೆ, ಅಸ್ತ್ರವಿಲ್ಲದ ಬಡ ದೇಶಗಳಿಗೆ ಕೊಟ್ಟ ಮಾತನ್ನು ಮುರಿಯಿರಿ ಎಂದಂತೆ ಅದು ಕೇಳಿಸುತ್ತದೆ. ನಿಶ್ಶಸ್ತ್ರೀಕರಣಕ್ಕೆ ಬೆಂಬಲವಾಗಿ ನಿಲ್ಲಬೇಕಾದವರೂ ಅವೇ ದೇಶಗಳು. ಅಲ್ಲದೆ ಆ ಸಂಸ್ಥೆಯ ಕೆಲಸ ವಿದ್ಯುತ್ ಸ್ಥಾವರಕ್ಕೆ ಸೀಮಿತವಲ್ಲ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ, ಬೆಳೆ ಸುಧಾರಣೆ, ಅಂತರ್ಜಲದ ಪರೀಕ್ಷೆ ಮೊದಲಾದವೂ ಅದರಲ್ಲಿ ಸೇರಿವೆ. ಸಂಸ್ಥೆಗೆ ಐವತ್ತು ವರ್ಷ ತುಂಬಿದ 2007ರ ಜುಲೈನಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಅವರು ಅಣು ತಂತ್ರಜ್ಞಾನದ ಶಾಂತಿಯುತ ಮತ್ತು ಸುರಕ್ಷಿತ ಬಳಕೆಯನ್ನು ಬೆಂಬಲಿಸಿ ಮಾತನಾಡಿದ್ದು ಈ ಹಿನ್ನೆಲೆಯಲ್ಲಿ.

ಜಪಾನಿನ ಬಿಷಪ್ಪರು ಕುಳಿತ ಜಾಗ ಬೇರೆ. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯಿಂದ ಫುಕುಶಿಮಾದ ಸ್ಥಾವರದಲ್ಲಿ ಮೂರು ರಿಯಾಕ್ಟರುಗಳ ಇಂಧನ ಕರಗಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಊರು ತೊರೆದರು. ಅವರ ಮುಂದೆ ನಿಂತು ಒಪ್ಪಂದದ ನಾಲ್ಕನೇ ವಿಧಿಯನ್ನು ಓದಲಾಗದು. ಅದೇ ವರ್ಷದ ನವೆಂಬರಿನಲ್ಲಿ ಬಿಷಪ್ಪರು ಸ್ಥಾವರಗಳನ್ನು ಕೂಡಲೇ ರದ್ದುಪಡಿಸಬೇಕೆಂಬ ಹೇಳಿಕೆ ಹೊರಡಿಸಿದರು.

ಈ ಎರಡು ಜಾಗಗಳ ನಡುವಿನ ಅಂತರ ಎದ್ದು ಕಂಡದ್ದು 2019ರ ನವೆಂಬರಿನಲ್ಲಿ, ಫ್ರಾನ್ಸಿಸ್ ಅವರು ಜಪಾನಿಗೆ ಭೇಟಿಯಿತ್ತಾಗ. 24ರಂದು ನಾಗಾಸಾಕಿ ಮತ್ತು ಹಿರೋಶಿಮಾದಲ್ಲಿ ಅಸ್ತ್ರಗಳ ಬಗ್ಗೆ ಅವರ ಮಾತಿನಲ್ಲಿ ಯಾವ ಅಳುಕೂ ಇರಲಿಲ್ಲ. ಮರುದಿನ ಟೋಕಿಯೊದಲ್ಲಿ ದುರಂತದ ಸಂತ್ರಸ್ತರನ್ನು ಕಂಡು, ಫುಕುಶಿಮಾದಿಂದ ಕುಟುಂಬದೊಡನೆ ಬಂದಿದ್ದ ಹುಡುಗನೊಬ್ಬನ ಮಾತು ಕೇಳಿದ ಮೇಲೆ, ಅಣುವಿದ್ಯುತ್ತಿನ ಬಳಕೆ ಮುಂದುವರಿಯುತ್ತಿರುವುದರ ಬಗ್ಗೆ ತಮ್ಮ ಸೋದರ ಬಿಷಪ್ಪರಿಗಿರುವ ಕಳವಳವನ್ನೂ ಸ್ಥಾವರಗಳನ್ನು ರದ್ದುಗೊಳಿಸಬೇಕೆಂಬ ಅವರ ಒತ್ತಾಯವನ್ನೂ ಸಭೆಯ ಮುಂದಿಟ್ಟರು. ಗಮನಿಸಿ: ಒತ್ತಾಯವನ್ನು ಅವರದೆಂದೇ ಹೇಳಿದರು, ತಮ್ಮದೆನ್ನಲಿಲ್ಲ. ಆಮೇಲೆ 26ರಂದು ಹಿಂತಿರುಗುವ ವಿಮಾನದಲ್ಲಿ ಪತ್ರಕರ್ತರು ಕೇಳಿದಾಗ, ಇದು ನನ್ನ ಸ್ವಂತ ಅಭಿಪ್ರಾಯ ಎಂದು ಮೊದಲೇ ತಿಳಿಸಿ, ಬಳಕೆಯಲ್ಲಿ ಸಂಪೂರ್ಣ ಸುರಕ್ಷತೆ ಖಚಿತವಾಗುವವರೆಗೆ ತಾವಾದರೆ ಅಣುಶಕ್ತಿಯನ್ನು ಬಳಸುವುದಿಲ್ಲ ಎಂದರು.

ಇದನ್ನು ಎರಡು ನಾಲಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಒಂದೇ ವಾರದಲ್ಲಿ ಆ ವ್ಯಕ್ತಿ ಪೀಠದ ಬೋಧನೆಯನ್ನು ಬೋಧನೆಯೆಂದು, ಬಿಷಪ್ಪರ ಬೇಡಿಕೆಯನ್ನು ಬೇಡಿಕೆಯೆಂದು, ಸ್ವಂತ ಅಭಿಪ್ರಾಯವನ್ನು ಅಭಿಪ್ರಾಯವೆಂದು ಬಿಡಿಸಿ ಹೇಳಿದರು. ಹಾಗೆಂದು ನನ್ನ ಆಕ್ಷೇಪವನ್ನು ಮುಚ್ಚಿಡುವುದಿಲ್ಲ. ಫುಕುಶಿಮಾದ ಬಳಿಕ ಎಂಟು ವರ್ಷ ಕಳೆದರೂ, ಸುರಕ್ಷತೆ ಎಂದರೆ ಎಷ್ಟು, ಬಳಸಿದ ಇಂಧನವನ್ನು ಮುಂದಿನ ಎಷ್ಟು ತಲೆಮಾರುಗಳ ತಲೆಗೆ ಕಟ್ಟಬಹುದು ಎಂಬ ಪ್ರಶ್ನೆಗಳು ವಿಮಾನದೊಳಗಿನ ಒಂದು ಉತ್ತರಕ್ಕೆ ಮುಗಿದುಹೋಗಬಾರದಿತ್ತು. ಪರಿಸರ ಕುರಿತು 2015ರಲ್ಲಿ ಅದೇ ಪೋಪ್ ಹೊರಡಿಸಿದ ಸುದೀರ್ಘ ಪತ್ರದಲ್ಲೂ ಅಣುಶಕ್ತಿ, ಮನುಷ್ಯನ ಕೈಗೆ ಬಂದ ಭಾರೀ ಶಕ್ತಿಗಳ ಒಂದು ಉದಾಹರಣೆಯಾಗಿ ಬಂದುಹೋಗುತ್ತದೆ. ಸ್ಥಾವರ ಕಟ್ಟಬೇಕೋ ಬೇಡವೋ ಎಂಬ ತೀರ್ಪು ಅಲ್ಲಿಲ್ಲ.

ಪ್ರಶ್ನೆ: ಬೌದ್ಧ ಗುರುಗಳಾದ ದಲೈ ಲಾಮಾ ಅಣುವಿದ್ಯುತ್ತನ್ನು ಸಮರ್ಥಿಸಿದ್ದು ನಿಜವೇ?

ಉತ್ತರ: ನಿಜ. 2011ರ ನವೆಂಬರಿನಲ್ಲಿ, ದುರಂತ ನಡೆದು ಎಂಟೇ ತಿಂಗಳಾಗಿದ್ದಾಗ, ಜಪಾನಿನ ಪೀಡಿತ ಪ್ರದೇಶಗಳಲ್ಲಿ ಪ್ರಾರ್ಥನೆ ಸಲ್ಲಿಸಿ ಟೋಕಿಯೊಗೆ ಬಂದ ದಲೈ ಲಾಮಾ, ಅಭಿವೃದ್ಧಿಶೀಲ ದೇಶಗಳ ಅಗತ್ಯಕ್ಕೆ ಗಾಳಿ ಮತ್ತು ಬಿಸಿಲಿನ ವಿದ್ಯುತ್ತು ಮಾತ್ರ ಸಾಲದು, ಶ್ರೀಮಂತರಿಗೂ ಬಡವರಿಗೂ ಇರುವ ಅಂತರ ತಗ್ಗಬೇಕಾದರೆ ಎಚ್ಚರಿಕೆಯೊಡನೆ ಅಣುವಿದ್ಯುತ್ತನ್ನು ಶಾಂತಿಯುತವಾಗಿ ಬಳಸಬಹುದು ಎಂಬ ಅರ್ಥದ ಮಾತನಾಡಿದರು. ದೊಡ್ಡ ಅಣೆಕಟ್ಟುಗಳಿಂದಾಗುವ ಹಾನಿಯನ್ನೂ ನೆನಪಿಸಿದರು. ಅದೇ ವರ್ಷ ಅವರು ತಮ್ಮ ರಾಜಕೀಯ ಅಧಿಕಾರವನ್ನು ಚುನಾಯಿತ ನಾಯಕತ್ವಕ್ಕೆ ಒಪ್ಪಿಸಿಬಿಟ್ಟಿದ್ದರು. ಯಾವ ಸರ್ಕಾರದ ಪರವಾಗಿಯೂ ಅವರು ಮಾತನಾಡಬೇಕಾಗಿರಲಿಲ್ಲ. ಕೇಳುಗರಿಗೆ ಹಿತವಾಗದ ಮಾತನ್ನು ಅವರ ಎದುರಿಗೇ ಆಡಿದ್ದನ್ನು ನಾನು ಗೌರವಿಸುತ್ತೇನೆ.

ಆದರೆ ಬೌದ್ಧರೆಲ್ಲರ ನಿಲುವು ಅದೇ ಎಂದು ತಿಳಿಯಬೇಡಿ. ಒಂದು ತಿಂಗಳೂ ಕಳೆಯುವ ಮೊದಲು, ಡಿಸೆಂಬರ್ 1ರಂದು, ಅಖಿಲ ಜಪಾನ್ ಬೌದ್ಧ ಒಕ್ಕೂಟ ಅಣುವಿದ್ಯುತ್ತನ್ನು ನೆಚ್ಚದ ಬದುಕಿಗಾಗಿ ಕರೆ ಕೊಟ್ಟಿತು. ಆ ಕರೆ ಕಂಪನಿಗಳ ಕಡೆಗಷ್ಟೇ ಬೆರಳು ತೋರಲಿಲ್ಲ. ಅನುಕೂಲವನ್ನು ಬೆನ್ನಟ್ಟಿದ ತಮ್ಮದೇ ಜೀವನಕ್ರಮವನ್ನೂ ಪ್ರಶ್ನಿಸಿಕೊಂಡಿತು. ದುಃಖವನ್ನು ಕಡಿಮೆ ಮಾಡಬೇಕೆಂಬ ಒಂದೇ ತತ್ವದಿಂದ ಹೊರಟವರು, ಯಾರ ದುಃಖ ಕಣ್ಣೆದುರಿಗಿದೆ ಎಂಬುದರ ಮೇಲೆ ಬೇರೆ ಬೇರೆ ತೀರ್ಮಾನ ಮುಟ್ಟಿದರು.

ಪ್ರಶ್ನೆ: ಇರಾನಿನ ಸರ್ವೋಚ್ಚ ನಾಯಕ ಅಣ್ವಸ್ತ್ರದ ವಿರುದ್ಧ ಫತ್ವಾ ಕೊಟ್ಟಿದ್ದರೆಂದು ಹೇಳುತ್ತಾರೆ. ಹಾಗಿದ್ದರೆ ಜಗತ್ತು ಅದನ್ನು ನಂಬಲಿಲ್ಲವೇಕೆ?

ಉತ್ತರ: ಅಯತೊಲ್ಲಾ ಅಲಿ ಖಮೇನಿ ಅವರ ಫತ್ವಾವನ್ನು ಇರಾನ್ 2005ರ ಆಗಸ್ಟಿನಲ್ಲಿ ವಿಯೆನ್ನಾದ ಪರಮಾಣು ಶಕ್ತಿ ಸಂಸ್ಥೆಯ ಮುಂದೆ ಅಧಿಕೃತವಾಗಿ ಉಲ್ಲೇಖಿಸಿತು. 2010ರ ಏಪ್ರಿಲಿನಲ್ಲಿ ಟೆಹರಾನಿನ ಸಮ್ಮೇಳನಕ್ಕೆ ಕಳಿಸಿದ ಸಂದೇಶದಲ್ಲಿ ಖಮೇನಿ ಸಾಮೂಹಿಕ ವಿನಾಶದ ಅಸ್ತ್ರಗಳ ಬಳಕೆಯನ್ನು ಹರಾಮ್, ಅಂದರೆ ಧರ್ಮನಿಷಿದ್ಧ, ಎಂದು ಕರೆದರು. 2013ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ವಿಶ್ವಸಂಸ್ಥೆಯ ವೇದಿಕೆಯಿಂದಲೇ ಆ ಫತ್ವಾವನ್ನು ಪ್ರಸ್ತಾಪಿಸಿದರು. ಆದ್ದರಿಂದ ಯಾರೂ ಕಿವಿಗೊಡಲಿಲ್ಲ ಎನ್ನುವಂತಿಲ್ಲ. ಮಾತುಕತೆಯ ಬಾಗಿಲು ತೆರೆಯಲು ಅದು ಗೌರವದ ಒಂದು ನೆಪವಾಯಿತು.

ಆದರೆ ನಂಬಿಕೆಗೆ ಎರಡು ಅಡ್ಡಿಗಳಿದ್ದವು. ಶಿಯಾ ಸಂಪ್ರದಾಯದಲ್ಲಿ ಫತ್ವಾ ಎಂದರೆ ಆಯಾ ಕಾಲದ ಸನ್ನಿವೇಶವನ್ನು ನೋಡಿ ವಿದ್ವಾಂಸರು ಕೊಡುವ ಅಭಿಮತ. ಸನ್ನಿವೇಶ ಬದಲಾದರೆ ಅದೂ ಬದಲಾಗಬಹುದು. ಎರಡನೆಯದು ಇನ್ನೂ ಮುಖ್ಯವಾದದ್ದು. ಫತ್ವಾ ತಡೆದದ್ದು ಅಸ್ತ್ರವನ್ನು, ಯುರೇನಿಯಂ ಸಂವರ್ಧನೆಯನ್ನಲ್ಲ, ಅಂದರೆ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಅಂಶದ ಪ್ರಮಾಣವನ್ನು ಹೆಚ್ಚಿಸುವುದನ್ನಲ್ಲ. ವಿದ್ಯುತ್ ಸ್ಥಾವರಕ್ಕೆ ಬೇಕಾದ ಇಂಧನವನ್ನು ತಯಾರಿಸುವ ಅದೇ ಯಂತ್ರಗಳು ಇನ್ನೂ ಹೆಚ್ಚು ಹೊತ್ತು ತಿರುಗಿದರೆ ಬಾಂಬಿಗೆ ಬೇಕಾದದ್ದನ್ನೂ ತಯಾರಿಸುತ್ತವೆ. ಶಾಂತಿಯುತ ಬಳಕೆಯ ಹಕ್ಕನ್ನು ಇರಾನಿನ ಧರ್ಮಗುರುಗಳು ರಾಷ್ಟ್ರದ ಮಾನದ ಪ್ರಶ್ನೆಯಾಗಿ ಹಿಡಿದಿದ್ದರು. ಆದ್ದರಿಂದ ಇರಾನ್ ಮತ್ತು ಅಮೆರಿಕ ಮೊದಲಾದ ದೇಶಗಳ ನಡುವೆ 2015ರ ಜುಲೈ 14ರಂದು ಆದ ಒಪ್ಪಂದ ಫತ್ವಾದ ಮೇಲೆ ನಿಲ್ಲಲಿಲ್ಲ. ಸಂವರ್ಧನೆ ಶೇ 3.67ನ್ನು ದಾಟಬಾರದು ಎಂಬ ಮಿತಿಯ ಮೇಲೆ, ತಪಾಸಕರ ಭೇಟಿಗಳ ಮೇಲೆ ನಿಂತಿತು. 2018ರ ಮೇನಲ್ಲಿ ಅಮೆರಿಕ ಅದರಿಂದ ಹೊರನಡೆಯಿತು, 2021ರಲ್ಲಿ ಇರಾನ್ ಸಂವರ್ಧನೆಯನ್ನು ಶೇ 60ಕ್ಕೆ ಏರಿಸಿತು. ಧರ್ಮದ ಮಾತನ್ನು ತಪಾಸಣೆಗೆ ಬದಲಿಯಾಗಿ ಇಟ್ಟರೆ ಆ ಮಾತಿಗೇ ಅನ್ಯಾಯವಾಗುತ್ತದೆ; ಹೊರಲಾರದ ಭಾರವನ್ನು ಅದರ ಮೇಲೆ ಹೇರಿದಂತೆ.

ಪ್ರಶ್ನೆ: ರಿಯಾಕ್ಟರ್ ವಿನ್ಯಾಸ, ವಿಕಿರಣದ ಪ್ರಮಾಣ ಇವೆಲ್ಲ ತಜ್ಞರ ವಿಷಯ. ಪಾದ್ರಿಗಳಿಗೂ ಮಠಾಧೀಶರಿಗೂ ಇಲ್ಲಿ ಏನು ಕೆಲಸ?

ಉತ್ತರ: ರಿಯಾಕ್ಟರಿನ ತಂಪುನೀರಿನ ಕೊಳವೆ ಎಷ್ಟು ದಪ್ಪ ಇರಬೇಕು ಎಂಬುದರಲ್ಲಿ ಅವರಿಗೆ ಕೆಲಸವಿಲ್ಲ. ಆದರೆ ಎಷ್ಟು ಅಪಾಯವನ್ನು ಯಾರ ಮೇಲೆ ಹಾಕಬಹುದು ಎಂಬ ಪ್ರಶ್ನೆಗೆ ಎಂಜಿನಿಯರಿಂಗ್ ಉತ್ತರ ಇಲ್ಲ. ಫುಕುಶಿಮಾದ ಬಳಿಕ ಜರ್ಮನಿಯ ಚಾನ್ಸಲರ್ ಅಂಗೆಲಾ ಮರ್ಕೆಲ್ ಅವರು ರಿಯಾಕ್ಟರ್ ಸುರಕ್ಷತೆಯನ್ನು ಪರಿಶೀಲಿಸಲು ತಜ್ಞರ ಸಮಿತಿಯಿದ್ದರೂ, ಅದಕ್ಕೆ ಹೊರತಾಗಿ ನೀತಿಶಾಸ್ತ್ರದ ಆಯೋಗವೊಂದನ್ನು ನೇಮಿಸಿದರು. ಕ್ಯಾಥೊಲಿಕ್ ಕಾರ್ಡಿನಲ್ ರೈನ್‌ಹಾರ್ಡ್ ಮಾರ್ಕ್ಸ್ ಮತ್ತು ಪ್ರೊಟೆಸ್ಟಂಟ್ ಬಿಷಪ್ ಉಲ್ರಿಚ್ ಫಿಶರ್ ಅದರಲ್ಲಿದ್ದರು. ಹತ್ತು ವರ್ಷಗಳೊಳಗೆ ಅಣುವಿದ್ಯುತ್ತಿನಿಂದ ಹೊರಬರಬಹುದು ಎಂದು ಆಯೋಗ 2011ರ ಮೇ ಕೊನೆಯಲ್ಲಿ ಶಿಫಾರಸು ಮಾಡಿತು. ದೇಶದ ಕೊನೆಯ ಮೂರು ಸ್ಥಾವರಗಳು 2023ರ ಏಪ್ರಿಲ್ 15ರಂದು ನಿಂತವು. ಆ ನಿರ್ಧಾರ ಸರಿಯೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಕಲ್ಲಿದ್ದಲನ್ನು ಮೊದಲು ಬಿಡಬೇಕಿತ್ತು ಎನ್ನುವವರ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ, ಏಕೆಂದರೆ ಹವಾಮಾನದ ಹೊರೆಯೂ ಮುಂದಿನ ತಲೆಮಾರಿನ ಮೇಲೆಯೇ ಬೀಳುವುದು. ಆದರೆ ಪ್ರಶ್ನೆಯನ್ನು ನೈತಿಕ ಪ್ರಶ್ನೆಯೆಂದು ಒಪ್ಪಿಕೊಂಡು ಬಹಿರಂಗವಾಗಿ ಚರ್ಚಿಸಿದ ರೀತಿ ಸರಿಯಾಗಿತ್ತು.

ಚರ್ಚುಗಳ ವಿಶ್ವ ಮಂಡಳಿ ಈ ಚರ್ಚೆಯನ್ನು ಅದಕ್ಕೂ ಬಹಳ ಮೊದಲೇ ಎತ್ತಿಕೊಂಡಿತ್ತು. ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಅಪಘಾತ ನಡೆದ 1979ರಲ್ಲಿಯೇ, ಅದು ನಡೆಸಿದ ಸಮ್ಮೇಳನವೊಂದು ಹೊಸ ಸ್ಥಾವರಗಳ ನಿರ್ಮಾಣವನ್ನು ಐದು ವರ್ಷ ನಿಲ್ಲಿಸಿ ಎಂದಿತ್ತು.

ಅಧಿಕಾರದ ಕೋಣೆಯಲ್ಲಿ ಸ್ಥಾನ ಸಿಗದ ಕಡೆ ಚರ್ಚಿನ ಅಂಗಳವೇ ಜಾಗವಾಗುತ್ತದೆ. ತಮಿಳುನಾಡಿನ ಕೂಡಂಕುಳಂ ಸ್ಥಾವರದ ವಿರುದ್ಧ 2011ರಲ್ಲಿ ಮೀನುಗಾರರು ಸರದಿ ಉಪವಾಸ ಕುಳಿತದ್ದು ಇಡಿಂದಕರೈ ಊರಿನ ಲೂರ್ದು ಮಾತೆಯ ಚರ್ಚಿನ ಮುಂದೆ. ಅವರ ಕಡಲಿನ, ಅವರ ಬದುಕಿನ ಪ್ರಶ್ನೆ ಬೇಗನೆ ವಿದೇಶಿ ಹಣದ, ಮತದ ಪ್ರಶ್ನೆಯಾಗಿ ತಿರುಗಿತು. 2012ರ ಫೆಬ್ರುವರಿಯಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಅವರೇ, ವಿರೋಧದ ಹಿಂದೆ ಅಮೆರಿಕ ಮೂಲದ ಸಂಸ್ಥೆಗಳಿವೆ ಎಂದರು. 2013ರ ಮೇ 6ರಂದು ಸುಪ್ರೀಂ ಕೋರ್ಟ್ ಸ್ಥಾವರಕ್ಕೆ ಅನುಮತಿ ಕೊಟ್ಟಿತು, ಸುರಕ್ಷತೆಯ ನಿರ್ದೇಶನಗಳನ್ನೂ ವಿಧಿಸಿತು. ಪಾದ್ರಿಗಳು ಜೊತೆ ನಿಂತಿದ್ದರಿಂದ ಆ ಜನರಿಗೆ ಆಸರೆ ಸಿಕ್ಕಿತು. ಅದೇ ಕಾರಣದಿಂದ ಅವರ ಮಾತನ್ನು ಕೇಳದೆ ತಳ್ಳಿಹಾಕುವುದೂ ಸುಲಭವಾಯಿತು. ಈ ಎರಡನೆಯದು ನನಗೆ ಇವತ್ತಿಗೂ ನೋವು ಕೊಡುವ ಸಂಗತಿ.

ಪ್ರಶ್ನೆ: ಸರ್ಕಾರಗಳೇ ಧರ್ಮಗುರುಗಳನ್ನು ಬಳಸಿಕೊಂಡದ್ದಿಲ್ಲವೇ?

ಉತ್ತರ: ಧಾರಾಳವಾಗಿ ಇದೆ. 1982ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ರಷ್ಯದ ಆರ್ಥೊಡಾಕ್ಸ್ ಚರ್ಚು ಅಣುವಿನಾಶದಿಂದ ಜೀವವನ್ನು ಉಳಿಸುವ ಹೆಸರಿನಲ್ಲಿ ಜಾಗತಿಕ ಧರ್ಮಸಮ್ಮೇಳನ ನಡೆಸಿತು. ಸೋವಿಯತ್ ಆಡಳಿತದ ಒಪ್ಪಿಗೆಯಿಲ್ಲದೆ ಅದು ನಡೆಯುವಂತಿರಲಿಲ್ಲ. ಅದರಲ್ಲಿ ಭಾಗವಹಿಸಿದ ಅಮೆರಿಕದ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ, ಸೋವಿಯತ್ ಪ್ರಚಾರಕ್ಕೆ ದಾಳವಾದರೆಂಬ ಟೀಕೆಗೆ ತಮ್ಮ ದೇಶದಲ್ಲಿ ಗುರಿಯಾದರು. ಇನ್ನೊಂದು ಉದಾಹರಣೆ ರಷ್ಯದ ಸರೋವ್ ಪಟ್ಟಣದ್ದು. ಸಂತ ಸೆರಾಫಿಮ್ ತಪಸ್ಸು ಮಾಡಿದ ಆ ಮಠದ ಜಾಗದಲ್ಲೇ 1946ರಲ್ಲಿ ಸೋವಿಯತ್ ಬಾಂಬಿನ ರಹಸ್ಯ ಕೇಂದ್ರ ಹುಟ್ಟಿತು, ಊರು ಭೂಪಟದಿಂದ ಮರೆಯಾಯಿತು. ಸೋವಿಯತ್ ಒಕ್ಕೂಟ ಅಳಿದ ಮೇಲೆ ಆ ಸಂತನನ್ನೇ ಅಣ್ವಸ್ತ್ರ ತಯಾರಕರ ರಕ್ಷಕನೆಂದು ಕಾಣುವ ರೂಢಿ ಬೆಳೆಯಿತು, ಪಾದ್ರಿಗಳು ಕ್ಷಿಪಣಿಗಳಿಗೆ ತೀರ್ಥ ಪ್ರೋಕ್ಷಿಸಿದರು. ಸಾಮೂಹಿಕ ವಿನಾಶದ ಅಸ್ತ್ರಗಳನ್ನು ಹರಸುವ ಪದ್ಧತಿಯನ್ನು ಬಿಡಬೇಕೆಂಬ ಕರಡು 2020ರಲ್ಲಿ ಅದೇ ಚರ್ಚಿನೊಳಗಿಂದ ಬಂತು ಎಂಬುದನ್ನೂ ಇಲ್ಲಿ ಹೇಳಬೇಕು.

ಪ್ರಶ್ನೆ: ನಾನು ನಂಬಿಕೆಯುಳ್ಳವಳು. ನಮ್ಮ ಗುರುಗಳು ಅಣುಸ್ಥಾವರದ ಪರವಾಗಿಯೋ ವಿರೋಧವಾಗಿಯೋ ಮಾತನಾಡಿದಾಗ ಅದನ್ನು ಹೇಗೆ ಸ್ವೀಕರಿಸಲಿ?

ಉತ್ತರ: ಅವರು ಯಾವ ಜಾಗದಲ್ಲಿ ನಿಂತು ಹೇಳುತ್ತಿದ್ದಾರೆ ಎಂಬುದನ್ನು ಮೊದಲು ನೋಡಿ. ಶಾಸ್ತ್ರದ ಬೋಧನೆಯೋ, ರಾಜ್ಯದ ಜೊತೆಗಿನ ಮಾತುಕತೆಯ ಭಾಷೆಯೋ, ಸ್ವಂತ ಅಭಿಪ್ರಾಯವೋ ಎಂದು ಅವರೇ ಬಿಡಿಸಿ ಹೇಳಿದರೆ ಒಳ್ಳೆಯದು; ಹೇಳದಿದ್ದರೆ ವಿನಯದಿಂದ ಕೇಳಿ, ಕೇಳುವುದು ಅಶ್ರದ್ಧೆಯಲ್ಲ. ಬಾಂಬನ್ನೂ ವಿದ್ಯುತ್ತನ್ನೂ ಒಂದೇ ಉಸಿರಿನಲ್ಲಿ ಖಂಡಿಸುವವರು ಆಸ್ಪತ್ರೆಯ ವಿಕಿರಣ ಚಿಕಿತ್ಸೆಯ ಬಗ್ಗೆ ಏನು ಹೇಳುತ್ತಾರೆ, ಸ್ಥಾವರವನ್ನು ಹೊಗಳುವವರು ಬಳಸಿದ ಇಂಧನದ ಬಗ್ಗೆ ಏನು ಹೇಳುತ್ತಾರೆ ಎಂದು ಗಮನಿಸಿ. ತಮ್ಮ ಹಿಂದಿನ ಮಾತನ್ನು ಅವರು ಹೇಗೆ ನೆನೆಯುತ್ತಾರೆ ಎಂಬುದನ್ನೂ ನೋಡಿ. ಮೇಲೆ ಹೇಳಿದ ಜಪಾನಿನ ಬಿಷಪ್ಪರು 2001ರಲ್ಲೇ ಜೀವದ ಮಹತ್ವ ಕುರಿತು ದೀರ್ಘ ಸಂದೇಶ ಹೊರಡಿಸಿದ್ದರು. ಅಣುಶಕ್ತಿಯ ಅಪಾಯವನ್ನು ಅದರಲ್ಲಿ ಎಚ್ಚರಿಸಿದ್ದರೂ, ಸ್ಥಾವರಗಳನ್ನು ಮುಚ್ಚಿ ಎನ್ನುವವರೆಗೆ ಹೋಗಿರಲಿಲ್ಲ. 2011ರ ಹೇಳಿಕೆಯಲ್ಲಿ ಅವರು ಸರ್ಕಾರವನ್ನು ಕೇಳಿಕೊಳ್ಳುವ ಜೊತೆಗೆ, ಅಂದು ತಾವು ಅಷ್ಟು ಹೇಳದೆ ಉಳಿದದ್ದಕ್ಕೆ ವಿಷಾದಪಟ್ಟು ಆ ನಿಲುವನ್ನು ಮರುಪರಿಶೀಲಿಸಿರುವುದಾಗಿ ಬರೆದರು.